ರಾತ್ರಿ ಪ್ರಾಣಿ ನೋಡೋಕೆ ಮುತ್ತೋಡಿ ಜೀಪಾ, ತೋಟದ ನಡಿಗೆಯಾ?

ನನ್ನ ವೋಟು ತೋಟಕ್ಕೆ. ಚಿಕ್ಕಮಗಳೂರಿಗೆ ಬಂದು ‘ನೈಟ್ ಸಫಾರಿ ಎಲ್ಲಿ’ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮುತ್ತೋಡಿ ಇರುವ ಭದ್ರಾ ಹುಲಿ ಕಾಡಿನಲ್ಲಿ ಅಂಥದ್ದು ಇಲ್ಲ. ಸಂಜೆ ಸಫಾರಿಯೇ ಕೊನೆ. ಕತ್ತಲಾಗುವ ಹೊತ್ತಿಗೆ ಜೀಪು ಗೇಟು ದಾಟಿರಬೇಕು.

ಹಾಗಂತ ಮುತ್ತೋಡಿ ಸುಮ್ನೆ ಅಲ್ಲ. ಕಾಟಿ (ಕಾಡುಕೋಣ) ಹಿಂಡು ರಸ್ತೆಗೆ ಅಡ್ಡ ನಿಂತು ದಾರಿ ಬಿಡದೆ ನಮ್ಮನ್ನೇ ನೋಡುತ್ತಿತ್ತು. ಕಡವೆ, ಜಿಂಕೆ, ನವಿಲು ಎಲ್ಲಾ ಸಿಕ್ಕವು. ವಾಪಸ್ ಬರುವಾಗ ಹೆಡ್‌ಲೈಟಿಗೆ ಒಂದು ನತ್ತಿಂಗ ಸಿಕ್ಕಿತು, ರಾತ್ರಿ ಹಕ್ಕಿ. ಮಣ್ಣುರಸ್ತೆ ಮೇಲೆ ಹೊಟ್ಟೆಯೂರಿ ಕೂತು, ಟೈರು ಹತ್ತಿರ ಬರುವವರೆಗೂ ಅಲ್ಲಾಡದೆ, ಕೊನೇ ಗಳಿಗೆಯಲ್ಲಿ ಸದ್ದಿಲ್ಲದೆ ಹಾರಿತು. ಅಷ್ಟೇ, ಗೇಟು ಬಂತು. ಅವುಗಳ ದಿನ ಶುರುವಾಗುವಾಗ ನಾವು ಟೀ ಕುಡಿಯುತ್ತಾ ಹೊರಗಿದ್ದೆವು.

ತೋಟದ ನಡಿಗೆ ಅಂದರೆ ಕೊಪ್ಪ ಕಡೆಯ ಒಂದು ಹೋಮ್‌ಸ್ಟೇ. ಊಟ ಮುಗಿಸಿ, ಮಾಲೀಕರ ಜೊತೆ ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ನಿಧಾನಕ್ಕೆ ಹೋಗುವುದು. ಬೈನೆ ಮರದಲ್ಲಿ ಹಣ್ಣಾಗಿದ್ದರೆ ಪುನುಗು ಬೆಕ್ಕು ಬಂದೇ ಬರುತ್ತದೆ ಅಂದರು, ಬಂತು.

ತಲೆನೋವು ಒಂದೇ, ಬೆಳಕು. ಹೋಮ್‌ಸ್ಟೇಯವರು ಎಲ್ಲರ ಕೈಗೂ ದೊಡ್ಡ ಬಿಳಿ ಟಾರ್ಚ್ ಕೊಟ್ಟಿದ್ದರು. ಎಲ್ಲರೂ ಒಂದೇ ಮರಕ್ಕೆ ಬಿಟ್ಟರೆ ಯಾವ ಪ್ರಾಣಿ ನಿಲ್ಲುತ್ತದೆ? ಮುಖ ತಿರುಗಿಸಿತು ಅಂದರೆ ಮುಗೀತು. ಎಲೆ ಯಾವುದು, ಮೈ ಯಾವುದು ಗೊತ್ತಾಗಲ್ಲ. ಬಹುತೇಕ ರಾತ್ರಿ ಪ್ರಾಣಿಗಳ ಕಣ್ಣಿನೊಳಗೆ, ಹಿಂಬದಿಯಲ್ಲಿ, ಬೆಳಕನ್ನು ವಾಪಸ್ ಕಳಿಸುವ ಪದರ ಇರುತ್ತದೆ. ಸಣ್ಣ ಬೆಳಕಿಗೂ ಕಣ್ಣು ಹೊಳೆಯುತ್ತದೆ, ಹಾಗಾಗಿ ಜೋರು ಬೆಳಕು ಬೇಡವೇ ಬೇಡ. ಆದರೆ ಟಾರ್ಚ್ ನಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು, ಆಗ ಮಾತ್ರ ಆ ಹೊಳಪು ನಮಗೆ ಕಾಣುತ್ತದೆ. ಸೊಂಟದ ಹತ್ತಿರ ಹಿಡಿದು ಎಷ್ಟು ಹುಡುಕಿದರೂ ಅಷ್ಟೇ.

ಅದಕ್ಕೇ ಮುಂದಿನ ಸಲ ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ತಗೊಂಡು ಹೋದೆ. ಈ ಪ್ರಾಣಿಗಳ ಕಣ್ಣಿಗೆ ಕೆಂಪು ಅಷ್ಟಾಗಿ ಚುಚ್ಚಲ್ಲ. ಆದರೆ ಅದಕ್ಕಿರುವುದು ಒಂದೇ ಬಟನ್. ಒಮ್ಮೆ ಒತ್ತಿದರೆ ಜೋರು ಬಿಳಿ, ಮತ್ತೊಮ್ಮೆ ಮಂದ ಬಿಳಿ, ಆಮೇಲೆ ಪೊಲೀಸ್ ಜೀಪಿನ ಥರ ಮಿಣಮಿಣ, ಕೊನೆಗೆ ಕೆಂಪು! ಹಣ್ಣು ತಿನ್ನುತ್ತಿದ್ದ ಪುನುಗು ಬೆಕ್ಕು ಆ ಮಿಣಮಿಣಕ್ಕೆ ಮರವಿಳಿದು ಓಡಿತು. ಈ ವಿನ್ಯಾಸ ಮಾಡಿದವರು ಒಂದು ರಾತ್ರಿಯೂ ಕಾಡಿನ ಹತ್ತಿರ ಬಂದಿರಲಿಕ್ಕಿಲ್ಲ.

ಈಗ ಬಿಳಿ ಲ್ಯಾಂಪಿನ ಮೇಲೇ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಯಾವ ಮೋಡ್ ಬಂದರೂ ಕೆಂಪೇ. ಕಾಡುಪಾಪ ಕಂಡಿದ್ದು ಇದರಲ್ಲೇ. ಪಕ್ಕಪಕ್ಕದಲ್ಲೇ ಎರಡು ಕಣ್ಣು, ಓಡುವ ಗಡಿಬಿಡಿಯೇ ಇಲ್ಲ. ಒಂದು ಕೈ ಬಿಟ್ಟು, ಮುಂದಿನ ಕೊಂಬೆಯನ್ನು ಗಟ್ಟಿ ಹಿಡಿದುಕೊಂಡ ಮೇಲೇ ಇನ್ನೊಂದು ಕೈ ಬಿಡುತ್ತಿತ್ತು.

ಮಳೆಗಾಲದಲ್ಲಿ ಕಪ್ಪೆಗಳು ಜಾಸ್ತಿ, ಇಂಬಳವೂ ಜಾಸ್ತಿ.

ಆನೆ ಓಡಾಟ ಇರುವ ಕಡೆ ಮಾತ್ರ ಇದೆಲ್ಲ ಬೇಡ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕತ್ತಲಾದ ಮೇಲೆ ಅಲ್ಲಿನವರೇ ಹೊರಗೆ ಕಾಲಿಡಲು ಹಿಂದೆಮುಂದೆ ನೋಡುತ್ತಾರೆ. ಅಲ್ಲಿ ಉಳಿದರೆ ಜಗಲಿ ಮೇಲೆ ಕೂತು ಗೂಬೆ ಕೂಗು ಕೇಳಿ, ಸಾಕು.

ಹುಲಿ, ಚಿರತೆ ಕಂಡರೇ ದುಡ್ಡು ವಸೂಲಿ ಅನ್ನುವವರು ಮುತ್ತೋಡಿಗೇ ಹೋಗಿ. ನನಗೆ ಬೆಳಗಿನ ಜಾವ ಎದ್ದು ಸಫಾರಿ ಕ್ಯೂ ನಿಲ್ಲುವುದು ಆಗಲ್ಲ. ರಾತ್ರಿ ಹನ್ನೊಂದಕ್ಕೆ ನಡಿ ಅಂದರೆ ರೆಡಿ. ಮನೆಮಂದಿಗೆಲ್ಲ ಸಫಾರಿ ಟಿಕೆಟ್ ತಗೊಳ್ಳುವ ದುಡ್ಡನ್ನು ಇನ್ನೊಂದು ರಾತ್ರಿ ತೋಟದಲ್ಲಿ ಉಳಿಯಲು ಇಟ್ಟುಕೊಳ್ಳುತ್ತೇನೆ. ರೂಮ್ ಬುಕ್ ಮಾಡುವ ಮೊದಲು ಫೋನಲ್ಲಿ ಎರಡು ವಿಷಯ ಕೇಳಿ: ಆ ಕಡೆ ಆನೆ ಇದೆಯಾ, ನಡಿಗೆ ಹೊತ್ತಿಗೆ ನಾಯಿಗಳನ್ನು ಕಟ್ಟಿಹಾಕುತ್ತಾರಾ.