ಉಪ್ಪಿನಕಾಯಿ ಬಾಟಲಿಯ ಕ್ಯೂಆರ್ ಕೋಡ್ ಜೂಜಿನ ಸೈಟಿಗೆ ಹೋಯಿತು: ವೆಬ್‌ಸೈಟಿಗೆ ಎಎಂಸಿ ಕಟ್ಟುವವರು ಓದಿ

ಊರಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡು, ಯಾರಿಗೋ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿ, ವರ್ಷ ವರ್ಷ ಎಎಂಸಿ (ಸೈಟ್ ನೋಡಿಕೊಳ್ಳುವ ವಾರ್ಷಿಕ ಶುಲ್ಕ) ಕಟ್ಟುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಹಾಕಿದರೂ ಹೆಚ್ಚು ಪ್ರಯೋಜನ ಇಲ್ಲ, ಇದೇ ಥರ ಕೆಲಸ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ.

ನಮ್ಮದು ಸಾಗರದ ಕಡೆ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ವ್ಯಾಪಾರ. ಉಪ್ಪು, ಖಾರ, ಹದ ಎಲ್ಲ ಅತ್ತಿಗೆಯ ಕೈ. ಆರ್ಡರ್, ಪ್ಯಾಕಿಂಗ್, ಕೊರಿಯರ್ ನನ್ನ ಪಾಲು. ಫೆಬ್ರವರಿ, ಮಾರ್ಚ್‌ನಲ್ಲಿ ಮಿಡಿ ಬರುತ್ತದೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಉಪ್ಪಿನಲ್ಲಿ ಉಳಿಯುವುದಿಲ್ಲ. ಮರ ಹತ್ತುವವರು ಸಿಗುವುದೂ ಕಷ್ಟ. ಹಾಗಾಗಿ ಮಿಡಿ ದರ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಫಸಲು ಕಮ್ಮಿಯಾದ ವರ್ಷ ಒಳ್ಳೆ ಜೀರಿಗೆ ಮಿಡಿಯ ದರ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಮಿಡಿ ದರ ಏರಿದರೆ ಬಾಟಲಿ ದರವೂ ಏರಲೇಬೇಕು ಅಲ್ವಾ? ಅಂದರೆ ನಮ್ಮಂಥವರ ವೆಬ್‌ಸೈಟ್ ವರ್ಷಕ್ಕೆ ಒಂದೆರಡು ಸಲವಾದರೂ ಬದಲಾಗಲೇಬೇಕು.

2019ರಲ್ಲಿ ಸೈಟ್ ಮಾಡಿಸುವಾಗ ಕಂಪನಿಯವರು ಹೇಳಿದ್ದೂ ಅದನ್ನೇ. "ನೀವು ಉಪ್ಪಿನಕಾಯಿ ನೋಡ್ಕೊಳ್ಳಿ ಸರ್, ಸೈಟ್ ನಾವು ನೋಡ್ಕೊತೀವಿ." ವರ್ಷಕ್ಕೆ 8,000 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 9,440. ಬಿಲ್ಲಿನಲ್ಲಿ ಚಂದಕ್ಕೆ ಬರೆದಿರುತ್ತಿತ್ತು: ಕಂಟೆಂಟ್ ಅಪ್‌ಡೇಟ್, ಸೆಕ್ಯುರಿಟಿ, ಬ್ಯಾಕಪ್, ಡೊಮೇನ್ (ಅಂದರೆ ಸೈಟಿನ ವಿಳಾಸದ ಹೆಸರು) ರಿನ್ಯೂವಲ್, ಎಸ್‌ಎಸ್‌ಎಲ್ (ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಸರ್ಟಿಫಿಕೇಟ್).

2020ರಲ್ಲಿ ಲಾಕ್‌ಡೌನ್ ಬಂದಾಗ ಸೈಟಿನ ತಲೆಯ ಮೇಲೆ ಒಂದು ಕೆಂಪು ಪಟ್ಟಿ ಹಾಕಿದರು, "ಲಾಕ್‌ಡೌನ್ ಕಾರಣ ಸದ್ಯಕ್ಕೆ ಕೊರಿಯರ್ ಇರುವುದಿಲ್ಲ" ಅಂತ. ಹಾಕಿದ್ದು ಅರ್ಧ ಗಂಟೆಯಲ್ಲಿ. ತೆಗೆಯಿರಿ ಅಂತ ಮೇಲ್ ಮಾಡಿದೆ, ಫೋನ್ ಮಾಡಿದೆ. "ಟಿಕೆಟ್ ರೈಸ್ ಆಗಿದೆ ಸರ್" ಅನ್ನುವ ಉತ್ತರ ಬಂತು. 2022ರ ದೀಪಾವಳಿಗೂ ಆ ಪಟ್ಟಿ ಹಾಗೇ ಇತ್ತು. ಎಷ್ಟೋ ಜನ ನಾವು ಅಂಗಡಿ ಮುಚ್ಚಿದೆವು ಅಂತಲೇ ಅಂದುಕೊಂಡಿದ್ದರಂತೆ. ಇದು ಗೊತ್ತಾಗಿದ್ದು ಬೆಂಗಳೂರಿನ ಹಳೆಯ ಗಿರಾಕಿಯೊಬ್ಬರು ಊರಿನ ಮದುವೆಗೆ ಬಂದಾಗ ಎದುರು ಸಿಕ್ಕಿ, "ಏನ್ರೀ, ವ್ಯಾಪಾರ ಬಿಟ್ರಂತೆ?" ಅಂತ ಕೇಳಿದ ಮೇಲೆ.

ದರದ್ದು ಇನ್ನೂ ದೊಡ್ಡ ರಗಳೆ. ಅರ್ಧ ಕೆಜಿ ಬಾಟಲಿಗೆ 340 ಮಾಡಿ ಬಹಳ ಕಾಲ ಆಗಿತ್ತು, ಸೈಟ್ ಇನ್ನೂ 260 ಅನ್ನುತ್ತಿತ್ತು. ಗಿರಾಕಿಗಳು ಸ್ಕ್ರೀನ್‌ಶಾಟ್ ಕಳಿಸಿ "ಹಾಕಿರೋದು ನೀವೇ, ಈಗ ಜಾಸ್ತಿ ಕೇಳ್ತೀರಲ್ಲ" ಅನ್ನುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. ಮುಖ ಕೆಡಿಸಿಕೊಳ್ಳುವುದು ಬೇಡ ಅಂತ ಅತ್ತಿಗೆ ಎಷ್ಟೋ ಜನರಿಗೆ ಹಳೆಯ ದರಕ್ಕೇ ಕಳಿಸಿದರು. ನಷ್ಟ ನಮ್ಮದು, ಎಎಂಸಿ ಅವರದು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರೂ ಅಷ್ಟೇ. ನೋಂದಣಿಯಿಂದ ಲೈಸೆನ್ಸ್‌ಗೆ ಹೋದಾಗ ನಂಬರ್ ಬದಲಾಯಿತು, ಸೈಟಿನಲ್ಲಿ ಹಳೆಯದೇ ಉಳಿಯಿತು. ತಿನ್ನುವ ವಸ್ತು ಮಾರುವವರಿಗೆ ಇದು ತಮಾಷೆಯ ಮಾತಲ್ಲ.

ಎಸ್‌ಎಸ್‌ಎಲ್ ಕಥೆ ಚಿಕ್ಕದು, ಆದರೆ ಹೊಟ್ಟೆ ಉರಿಸುವಂಥದ್ದು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ (ಎಸ್‌ಎಸ್‌ಎಲ್ ಹಾಕಿದರೆ ಬರುವ ಸುರಕ್ಷಿತ ಸಂಪರ್ಕ) ಇಲ್ಲದ ಸೈಟಿಗೆಲ್ಲ "ಸುರಕ್ಷಿತವಲ್ಲ" ಅಂತ ತೋರಿಸುತ್ತದೆ. ಅದನ್ನೇ ತೋರಿಸಿ ಹೆದರಿಸಿ ಒಂದು ವರ್ಷ ಬೇರೆಯಾಗಿ 3,000 ತೆಗೆದುಕೊಂಡರು. ಹಾಕಿದ್ದು ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್. ಅದು ಪುಕ್ಕಟೆ ಸಿಗುವಂಥದ್ದು, 90 ದಿನಕ್ಕೆ ಮುಗಿಯುತ್ತದೆ, ಸರಿಯಾಗಿ ಹೊಂದಿಸಿದ್ದರೆ ತಾನೇ ನವೀಕರಣವಾಗುತ್ತದೆ. ನಮ್ಮದು ಆಗುತ್ತಿರಲಿಲ್ಲ. ಹಾಗಾಗಿ ಆಗಾಗ ಸೈಟ್ ತೆರೆದವರಿಗೆ ಉಪ್ಪಿನಕಾಯಿ ಬದಲು ಪರದೆ ತುಂಬ ಎಚ್ಚರಿಕೆ ಕಾಣಿಸುತ್ತಿತ್ತು.

2023ರಲ್ಲಿ ಮೈಸೂರಿನಿಂದ ಒಬ್ಬ ಅಮ್ಮ ಫೋನ್ ಮಾಡಿದರು. "ಗೂಗಲ್‌ನಲ್ಲಿ ನಿಮ್ಮ ಹೆಸರು ಹಾಕಿದ್ರೆ ಚೀನಿ ಭಾಷೆ ಬರ್ತಿದೆಯಲ್ಲಪ್ಪ." ನೋಡಿದರೆ ನಮ್ಮ ಸೈಟಿನ ವಿಳಾಸದ ಕೆಳಗೆ ಸಾಲು ಸಾಲು ಜಪಾನಿ ಅಕ್ಷರ, ಬ್ಯಾಗು, ವಾಚು. ಕಂಪನಿಯ ಹುಡುಗ "ನಮಗೆ ಸರಿಯಾಗೇ ಕಾಣ್ತಿದೆ ಸರ್" ಅಂದ. ಸರಿಯಾಗೇ ಕಾಣುತ್ತದೆ, ಆಟವೇ ಅದು. ಸೈಟಿನೊಳಗೆ ನುಗ್ಗಿದವರು ಸಾವಿರಗಟ್ಟಲೆ ನಕಲಿ ಪುಟ ಸೃಷ್ಟಿಸಿ ಗೂಗಲ್‌ಗೆ ಮಾತ್ರ ಅದನ್ನು ತೋರಿಸುತ್ತಾರೆ. ನೇರವಾಗಿ ಬಂದವರಿಗೆ ಹಳೆಯ ಪುಟವೇ ಕಾಣುತ್ತದೆ. ಬಹಳ ಸೈಟುಗಳಿಗೆ ಹೀಗಾಗಿರುವುದರಿಂದ ಗೂಗಲ್ ಇದಕ್ಕೆ ಜಪಾನೀಸ್ ಕೀವರ್ಡ್ ಹ್ಯಾಕ್ ಅಂತ ಹೆಸರನ್ನೇ ಇಟ್ಟಿದೆ. ಒಳಗೆ ಬರಲು ದಾರಿ ಸಾಮಾನ್ಯವಾಗಿ ಹಳೆಯ ಪ್ಲಗಿನ್‌ಗಳು, ಅಂದರೆ ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶಗಳು. ನಮ್ಮ ಸೈಟ್ ಕಟ್ಟಿದ್ದ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಸಂಪರ್ಕ ಫಾರ್ಮಿನ ಪ್ಲಗಿನ್ ಹಾಕಿದ ದಿನದಿಂದ ಅಪ್‌ಡೇಟ್ ಕಂಡಿರಲಿಲ್ಲ. ಬ್ಯಾಕಪ್ ಕೇಳಿದೆ. ಅದೂ ಅದೇ ಸರ್ವರ್‌ನಲ್ಲಿತ್ತು, ಅದರೊಳಗೂ ಕಳ್ಳ ಫೈಲುಗಳು.

ನಿಮ್ಮ ಸೈಟಿಗೂ ಹೀಗಾಗಿದೆಯಾ ನೋಡುವುದು ಸುಲಭ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಸೈಟ್ (site) ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಹಾಕಿ. ನಿಮ್ಮದು ಹತ್ತು ಪುಟದ ಸೈಟ್ ಆಗಿದ್ದು, ನೀವು ಕೇಳಿಯೂ ಇರದ ಪುಟಗಳ ಪಟ್ಟಿ ಬಂದರೆ ಏನೋ ಆಗಿದೆ ಅಂತಲೇ ಅರ್ಥ. ಸರ್ಚ್ ಕನ್ಸೋಲ್ ಅನ್ನುವ ಗೂಗಲ್‌ನ ಸವಲತ್ತು ಪುಕ್ಕಟೆ. ನಿಮ್ಮ ಜಿಮೇಲ್‌ನಿಂದಲೇ ಅದನ್ನು ತೆರೆದುಕೊಂಡರೆ ಇಂಥ ತೊಂದರೆ ಕಂಡಾಗ ನಿಮಗೇ ಮೇಲ್ ಬರುತ್ತದೆ. ತೆರೆದ ಮೇಲೆ ಅಲ್ಲಿ ಮಾಲೀಕರ ಪಟ್ಟಿಯನ್ನೂ ನೋಡಿ. ನುಗ್ಗಿದವರು ಅಲ್ಲೂ ತಮ್ಮ ಹೆಸರು ಸೇರಿಸಿಕೊಂಡಿರಬಹುದು.

ಇಷ್ಟಾದರೂ ಆ ಕಂಪನಿಯನ್ನು ಬಿಡಲು ಆಗಲಿಲ್ಲ, ಯಾಕೆಂದರೆ ಡೊಮೇನ್ ಅವರ ಹೆಸರಲ್ಲಿತ್ತು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೇ ಪಹಣಿ ಆದ ಹಾಗೆ. ಬಿಟ್ಟುಕೊಡಿ ಅಂದಾಗ "ಟ್ರಾನ್ಸ್‌ಫರ್ ಚಾರ್ಜ್" ಅಂತ 25,000 ಕೇಳಿದರು. ಡಾಟ್ ಕಾಮ್ ಹೆಸರಿನ ಒಂದು ವರ್ಷದ ಖರ್ಚು ಸಾವಿರ ಚಿಲ್ಲರೆ ರೂಪಾಯಿ, ಅಷ್ಟೇ. ಹೆಸರು ನಮ್ಮ ಖಾತೆಯಲ್ಲಿದ್ದಿದ್ದರೆ ವರ್ಗಾವಣೆಗೆ ಬೇಕಾದ ಆತ್ ಕೋಡ್ ಅನ್ನು ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ನಾವು ಕೇಳಿದ 5 ದಿನದೊಳಗೆ ಕೊಡಬೇಕಿತ್ತು, ಅದು ಡೊಮೇನ್‌ಗಳನ್ನು ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್‌ನ ನಿಯಮ. ಆದರೆ ನಿಯಮದ ಲೆಕ್ಕದಲ್ಲಿ ಮಾಲೀಕರು ನಾವಲ್ಲ. ರಿಜಿಸ್ಟ್ರಾರ್‌ಗೆ ಬಿಲ್ಲು, ಜಿಎಸ್‌ಟಿ ಸರ್ಟಿಫಿಕೇಟ್, ಲೇಬಲ್ ಫೋಟೋ ಎಲ್ಲ ಕಳಿಸಿದೆ. "ಖಾತೆದಾರರ ಜೊತೆ ಮಾತ್ರ ಮಾತಾಡುತ್ತೇವೆ" ಅಂದರು.

ಚೌಕಾಸಿ ನಡೆಯುತ್ತಿರುವಾಗಲೇ, 2024ರಲ್ಲಿ, ಕಂಪನಿ ಆಫೀಸ್ ಖಾಲಿ ಮಾಡಿತು. ಫೋನ್ ಸ್ವಿಚ್ ಆಫ್. ಡೊಮೇನ್ ಅವಧಿ ಮುಗಿಯಿತು. ರಿಜಿಸ್ಟ್ರಾರ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಮತ್ತೆ ಒಂದು ವಾರ ಮುಂಚೆ ಜ್ಞಾಪನೆಯ ಮೇಲ್ ಕಳಿಸಲೇಬೇಕು. ಅವೆಲ್ಲ ಹೋಗಿದ್ದು ಯಾರೂ ತೆರೆಯದ ಅವರ ಇನ್‌ಬಾಕ್ಸಿಗೆ.

ಆಮೇಲೆ ಏನಾಗುತ್ತದೆ ಅನ್ನುವುದನ್ನು ತಿಳಿದುಕೊಂಡಿರಿ, ಬೇಕಾಗುತ್ತದೆ. ಡಾಟ್ ಕಾಮ್ ಹೆಸರು ಅವಧಿ ಮುಗಿದ ಮರುದಿನವೇ ಬೇರೆಯವರ ಪಾಲಾಗುವುದಿಲ್ಲ. ಮೊದಲು ಗ್ರೇಸ್ ಅವಧಿ, ಜಾಸ್ತಿ ಅಂದರೆ 45 ದಿನ. ಎಷ್ಟು ಕೊಡಬೇಕು ಅನ್ನುವುದು ರಿಜಿಸ್ಟ್ರಾರ್ ಇಷ್ಟ, ಕೆಲವರು ಈ ನಡುವೆಯೇ ಹರಾಜಿಗೂ ಹಾಕುತ್ತಾರೆ. ಆಮೇಲೆ 30 ದಿನ ರಿಡೆಂಪ್ಷನ್. ಆಗಲೂ ಬಿಡಿಸಿಕೊಳ್ಳಬಹುದು, ದಂಡ ಮಾತ್ರ ಜೋರಾಗಿಯೇ ಇರುತ್ತದೆ. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ. ಅದಾದ ಮೇಲೆ ಯಾರು ಮೊದಲು ಬರುತ್ತಾರೋ ಅವರಿಗೆ. ಇಷ್ಟು ಕಾಲಾವಕಾಶ ಇತ್ತು, ಆದರೆ ಬಿಡಿಸಿಕೊಳ್ಳುವ ಹಕ್ಕು ನಮಗಿರಲಿಲ್ಲ. ಸುಮ್ನೆ ನೋಡುತ್ತಾ ಕೂರಬೇಕಾಯಿತು.

ನಮ್ಮ ಹೆಸರನ್ನು ಯಾರೋ ಕೊಂಡರು. ಹಳೆಯ ಹೆಸರಿಗೆ ಗೂಗಲ್‌ನಲ್ಲಿ ಒಂದಿಷ್ಟು ಬೆಲೆ ಇರುತ್ತದೆ, ಅದಕ್ಕೇ ಕಾಯುವವರು ಇದ್ದಾರೆ. ಸ್ವಲ್ಪ ದಿನಕ್ಕೆ ಅಲ್ಲಿ ಬಂದಿದ್ದು ಕ್ರಿಕೆಟ್ ಬೆಟ್ಟಿಂಗ್, ರಮ್ಮಿ, ಕ್ಯಾಸಿನೋ ಪುಟ.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ನಮ್ಮ ಬಾಟಲಿಯ ಲೇಬಲ್ ಮೇಲೆ ಕ್ಯೂಆರ್ ಕೋಡ್ ಇತ್ತು, "ಮತ್ತೆ ಬೇಕಿದ್ದರೆ ಸ್ಕ್ಯಾನ್ ಮಾಡಿ" ಅಂತ. ಹುಬ್ಬಳ್ಳಿಯ ಒಬ್ಬರು ಮನೆಯಲ್ಲಿ ಊಟಕ್ಕೆ ಕೂತಾಗ ಮಗ ಅದನ್ನು ಸ್ಕ್ಯಾನ್ ಮಾಡಿದ್ದಾನೆ. ನೇರ ಜೂಜಿನ ಪುಟ! ಅವರು ಅತ್ತಿಗೆಗೆ ಫೋನ್ ಮಾಡಿ ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂಗಡಿಗಳಿಗೆ ಹೋಗಿದ್ದ ಮಾಲನ್ನು ವಾಪಸ್ ತರಿಸಿದೆವು. ಜಗಲಿಯಲ್ಲಿ ಬಾಟಲಿ ಸಾಲಾಗಿಟ್ಟು, ಎಣ್ಣೆ ಜಿಡ್ಡು ಒರೆಸಿ, ಕೋಡಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆವು. ಜಿಡ್ಡು ಸರಿಯಾಗಿ ಹೋಗದಿದ್ದರೆ ಸ್ಟಿಕ್ಕರ್ ಮೂಲೆ ಮರುದಿನಕ್ಕೇ ಏಳುತ್ತದೆ, ಕೆಳಗಿನ ಕೋಡ್ ಇಣುಕುತ್ತದೆ. ಪ್ರಿಂಟಾಗಿ ಬಂದಿದ್ದ ಲೇಬಲ್ ರೋಲುಗಳು ಬಚ್ಚಲ ಒಲೆಗೆ ಹೋದವು. ಮನೆಗಳಿಗೆ ಹೋದ ಬಾಟಲಿಗಳಿಗೆ ಏನು ಮಾಡುವುದು? ವಾಟ್ಸಾಪ್‌ನಲ್ಲಿ ಎಲ್ಲರಿಗೂ ತಿಳಿಸಿದೆವು, ಅಷ್ಟೇ. ಈಗ ಲೇಬಲ್ ಮೇಲೆ ಫೋನ್ ನಂಬರ್ ಮಾತ್ರ. ಕ್ಯೂಆರ್ ಹಾಕಿಸುವವರಿಗೆ ಇನ್ನೊಂದು ಮಾತು: ಯಾವುದೋ ಪುಕ್ಕಟೆ ಸೈಟಿನಲ್ಲಿ ಮಾಡಿದ ಡೈನಾಮಿಕ್ ಕ್ಯೂಆರ್ (ಮೊದಲು ಆ ಸೈಟಿಗೆ ಹೋಗಿ ಅಲ್ಲಿಂದ ನಿಮ್ಮ ಪುಟಕ್ಕೆ ಕಳಿಸುವಂಥದ್ದು) ಇದ್ದರೆ ಆ ಸೈಟಿನವರು ಯಾವಾಗ ಬೇಕಾದರೂ ನಿಲ್ಲಿಸಬಹುದು, ಲೇಬಲ್ ಪ್ರಿಂಟ್ ಮಾಡುವ ಮುಂಚೆ ಕೇಳಿಕೊಳ್ಳಿ.

ಗೂಗಲ್ ಮ್ಯಾಪಿನ ನಮ್ಮ ಪ್ರೊಫೈಲ್ ಕೂಡ ಆ ಹಳೆಯ ಕಂಪನಿಯವರ ಜಿಮೇಲ್‌ನಲ್ಲೇ ಇತ್ತು. ಅದು ಮಾತ್ರ ವಾಪಸ್ ಸಿಕ್ಕಿತು. ಮಾಲೀಕತ್ವಕ್ಕೆ ಕೋರಿಕೆ ಸಲ್ಲಿಸುವ ದಾರಿ ಅಲ್ಲೇ ಇದೆ. ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಸಮಯ ಕೊಡುತ್ತಾರೆ. ಉತ್ತರ ಬರದಿದ್ದರೆ ನಾವೇ ಪರಿಶೀಲನೆ ಮಾಡಿಸಿಕೊಂಡು ಪಡೆಯಲು ಅವಕಾಶ ಸಿಗಬಹುದು. ನಮ್ಮಿಂದ ವಿಡಿಯೋ ಕೇಳಿದರು. ರಸ್ತೆ, ಬೋರ್ಡು, ಒಳಗಿನ ಭರಣಿಗಳು, ಎಲ್ಲ ಒಂದೇ ಓಟದಲ್ಲಿ ತೋರಿಸಬೇಕು. ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ಲ, ವಿಡಿಯೋ ಅಪ್‌ಲೋಡ್ ಮಾಡಲು ಪೇಟೆಗೇ ಹೋಗಬೇಕಾಯಿತು.

"ವೆಬ್‌ಸೈಟೇ ಯಾಕೆ, ವಾಟ್ಸಾಪ್ ಬಿಸಿನೆಸ್ ಸಾಕಲ್ಲ" ಅಂತ ಕೆಲವರು ಹೇಳುತ್ತಾರೆ. ಸುತ್ತಮುತ್ತಲಿನ ಗಿರಾಕಿಗಳೇ ಜಾಸ್ತಿ ಇದ್ದರೆ ನಿಜಕ್ಕೂ ಸಾಕು. ಮ್ಯಾಪಿನಲ್ಲಿ ಸರಿಯಾದ ನಂಬರ್, ವಾಟ್ಸಾಪ್ ಕ್ಯಾಟಲಾಗಿನಲ್ಲಿ ಇವತ್ತಿನ ದರ ಇದ್ದರೆ ಮುಗಿಯಿತು. ಹಳಸಿದ ವೆಬ್‌ಸೈಟಿಗಿಂತ ವೆಬ್‌ಸೈಟ್ ಇಲ್ಲದಿರುವುದೇ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ದೂರದವರು, ಮುಖ ನೋಡದೆ ದುಡ್ಡು ಹಾಕುವವರು ಸೈಟ್ ಇದೆಯಾ ಅಂತ ನೋಡಿಯೇ ನೋಡುತ್ತಾರೆ. ಇನ್ನು ಪುಕ್ಕಟೆ ಸಿಗುತ್ತದೆ ಅಂತ ಬೇರೆಯವರ ಜಾಗದಲ್ಲಿ ಕೂತರೂ ಅಪಾಯವೇ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಕೊಡುತ್ತಿದ್ದ ಪುಕ್ಕಟೆ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದವರ ಗತಿ ಏನಾಗಿರಬೇಕು ಯೋಚಿಸಿ.

ಈಗ ನಮ್ಮದು ಡಾಟ್ ಇನ್ ಹೆಸರು, ಅತ್ತಿಗೆಯ ಜಿಮೇಲ್, ನನ್ನ ಮೊಬೈಲ್ ನಂಬರ್, ನಮ್ಮದೇ ಕಾರ್ಡಿನಿಂದ ಪಾವತಿ. ಸೈಟ್ ಒಂದೇ ಪುಟ. ದರ ಒಂದು ಕಡೆ ಮಾತ್ರ ಇದೆ, ಅದರ ಪಕ್ಕದಲ್ಲೇ ಬದಲಾಯಿಸಿದ ತಾರೀಖು. ಮಿಡಿ ಬಂದಾಗ "ಮಿಡಿ ಉಪ್ಪಿಗೆ ಬಿದ್ದಿದೆ" ಅಂತ, ಬಾಟಲಿ ತಯಾರಾದಾಗ "ಈ ವರ್ಷದ್ದು ಸಿದ್ಧ" ಅಂತ ಒಂದು ಸಾಲು, ಜೊತೆಗೆ ಫೋನಿನಲ್ಲಿ ತೆಗೆದ ಒಂದು ಫೋಟೋ. ಹಬ್ಬದ ಆಫರ್ ಹಾಕುವುದೇ ಇಲ್ಲ, ಹಾಕಿದರೆ ತೆಗೆಯಬೇಕಲ್ಲ. ಹಾಂ, ಡೊಮೇನ್ ಕೊಂಡ ಕೂಡಲೇ "ನಿಮ್ಮ ಎಸ್‌ಇಒ ಅವಧಿ ಮುಗಿದಿದೆ, ತಕ್ಷಣ ಪಾವತಿಸಿ" ಅನ್ನುವ ಮೇಲ್, ಫೋನ್ ಶುರುವಾಗುತ್ತವೆ. ಎಸ್‌ಇಒ ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ. ಅದು ಬಿಲ್ಲಲ್ಲ, ಬಲೆ. ರಿಜಿಸ್ಟ್ರಾರ್ ಖಾತೆಗೆ ನಾವೇ ಲಾಗಿನ್ ಆಗಿ ನೋಡಿದ್ದನ್ನು ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಕಟ್ಟುವುದಿಲ್ಲ.

ನಿಮ್ಮ ಡೊಮೇನ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಡೊಮೇನಿನ ನೋಂದಣಿ ವಿವರ ತೋರಿಸುವ ಹೂಈಸ್ (WHOIS) ಹುಡುಕಾಟದಲ್ಲಿ ವಿಳಾಸ ಹಾಕಿ. 2018ರಿಂದ ಮಾಲೀಕರ ಹೆಸರು ಬಹುತೇಕ ಮುಚ್ಚಿರುತ್ತದೆ, ಆದರೆ ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದು ಕಾಣುತ್ತದೆ. ಆ ತಾರೀಖನ್ನು ಬರೆದಿಟ್ಟುಕೊಂಡು, ಸೈಟ್ ನೋಡಿಕೊಳ್ಳುವವರಿಗೆ ಇದನ್ನು ಹಾಗೇ ವಾಟ್ಸಾಪ್ ಮಾಡಿ:

"ನಮಸ್ಕಾರ. ನಮ್ಮ ಡೊಮೇನನ್ನು ನಮ್ಮ ಜಿಮೇಲ್‌ನಲ್ಲಿರುವ ರಿಜಿಸ್ಟ್ರಾರ್ ಖಾತೆಗೆ ವರ್ಗಾಯಿಸಿ. ಹೋಸ್ಟಿಂಗ್ ಮತ್ತು ವರ್ಡ್‌ಪ್ರೆಸ್‌ನ ಅಡ್ಮಿನ್ ಲಾಗಿನ್ ಕೊಡಿ. ಗೂಗಲ್ ಪ್ರೊಫೈಲ್‌ಗೆ ನಮ್ಮನ್ನು ಪ್ರೈಮರಿ ಓನರ್ ಮಾಡಿ. ಕೊನೆಯ ಬ್ಯಾಕಪ್ ಯಾವ ತಾರೀಖಿನದು ತಿಳಿಸಿ, ಅದರ ಒಂದು ಪ್ರತಿ ಕಳಿಸಿ. ಇದೆಲ್ಲ ಆದ ಮೇಲೆ ಈ ವರ್ಷದ ಎಎಂಸಿ ಕಟ್ಟುತ್ತೇವೆ."

ಬಿಲ್ ಬರುವ ಒಂದು ತಿಂಗಳ ಮುಂಚೆಯೇ ಕಳಿಸಿ. ದುಡ್ಡು ಕೈ ಸೇರಿದ ಮೇಲೆ ಇವರು ಫೋನ್ ಎತ್ತುವುದಿಲ್ಲ.