ಒಂದು ಏರ್ ರೈಫಲ್, ನಾಲ್ಕು ಸ್ಟಾಕ್: 25 ಮೀಟರ್‌ನಲ್ಲಿ ಹೋಲಿಕೆ

ಸ್ಟಾಕ್ (ರೈಫಲ್‌ನ ಲೋಹದ ಭಾಗ ಕೂರುವ ಮರದ ಅಥವಾ ಪಾಲಿಮರ್ ಚೌಕಟ್ಟು) ಬದಲಿಸಿದ ಮೇಲೆ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಹರಡು) ಚಿಕ್ಕದಾದರೆ ಅದು ಹೊಸ ಮರದ ಮಹಿಮೆ ಎನ್ನುವವರೇ ಹೆಚ್ಚು. ಒಂದೇ ರೈಫಲ್‌ಗೆ ನಾಲ್ಕು ಸ್ಟಾಕ್ ತೊಡಿಸಿ ನೋಡಿದರೆ ಲೆಕ್ಕ ಬೇರೆ ಬರುತ್ತದೆ. ಪೆಲೆಟ್ ಎಲ್ಲಿ ಬೀಳುತ್ತದೆ ಎಂಬುದರಲ್ಲಿ ಮುಕ್ಕಾಲು ಪಾಲು ಮೂರು ಸ್ಕ್ರೂಗಳದ್ದು ಮತ್ತು ಕೆನ್ನೆ ಕೂರುವ ಎತ್ತರದ್ದು. ಮರ, ಪಾಲಿಮರ್ ಎಂಬ ಜಗಳ ಆಮೇಲಿನದು.

ರೈಫಲ್ .177 ಅಂಗುಲದ, ಅಂದರೆ 4.5 ಮಿ.ಮೀ. ಪೆಲೆಟ್‌ನ ಸ್ಪ್ರಿಂಗ್-ಪಿಸ್ಟನ್, ಬ್ಯಾರೆಲ್ ಕೆಳಕ್ಕೆ ಮಡಚಿ ಕಾಕ್ ಮಾಡುವಂಥದ್ದು (ಸ್ಪ್ರಿಂಗ್ ಎಳೆದು ಹೊಡೆಯಲು ಸಜ್ಜಾಗಿಸುವಂಥದ್ದು). ಪೆಲೆಟ್ ಜೆಎಸ್‌ಬಿ ಎಕ್ಸಾಕ್ಟ್, 8.44 ಗ್ರೇನ್, ಅಂದರೆ 0.547 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ಶಕ್ತಿ ಲೆಕ್ಕ ಹಾಕಿದರೆ 16 ಜೂಲ್‌ನ ಒಳಗೆ. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಬೇಡದ 20 ಜೂಲ್ ಮಿತಿಯೊಳಗೇ ಇದೆ. ಸ್ಟಾಕ್‌ಗಳು ಇವು: ರೈಫಲ್ ಜತೆ ಬಂದ ಬೀಚ್ ಮರದ್ದು, ಪಾಲಿಮರ್ ಥಂಬ್‌ಹೋಲ್ (ಹೆಬ್ಬೆರಳು ತೂರಿಸಲು ತೂತಿರುವುದು), ಕೆನ್ನೆಪಟ್ಟಿ ಏರಿಸಿ ಇಳಿಸಬಹುದಾದ ಲ್ಯಾಮಿನೇಟೆಡ್ (ಮರದ ಪದರ ಅಂಟಿಸಿ ಮಾಡಿದ್ದು), ಕೊನೆಗೆ ದಾವಣಗೆರೆಯ ಸಾಮಿಲ್‌ನಿಂದ ತಂದ ತೇಗದ ಹಲಗೆಯಲ್ಲಿ ಬಡಗಿಯಿಂದ ಕೆತ್ತಿಸಿದ್ದು.

ಹೊಡೆದದ್ದು ಊರ ಹೊರಗಿನ ಅಡಿಕೆ ತೋಟದ ಅಂಚಿನಲ್ಲಿ, ಆಳೆತ್ತರ ಮೀರಿದ, ಕಲ್ಲಿಲ್ಲದ ಮಣ್ಣಿನ ಏರಿಗೆ. ಕಲ್ಲಿದ್ದರೆ ಸೀಸ ತಿರುಗಿ ಬರುತ್ತದೆ, ಕನ್ನಡಕವಿಲ್ಲದೆ ಕೂರಬೇಡಿ. ಹೊತ್ತು ಬೆಳಗಿನದೇ ಆಗಬೇಕು. ಆಷಾಢದಲ್ಲಿ ಈ ಸೀಮೆಯ ಗಾಳಿ ಬಿಸಿಲೇರಿದ ಮೇಲೆ ಸುಮ್ಮನಿರುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಸುತ್ತ ಗಾಳಿಯಂತ್ರ ನೆಟ್ಟಿರುವುದು ಅದಕ್ಕೇ. ಈ ಪೆಲೆಟ್‌ಗೆ ಗಂಟೆಗೆ 8 ಕಿ.ಮೀ. ಅಡ್ಡಗಾಳಿ ಸಿಕ್ಕರೆ 25 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್‌ಗೂ ಹೆಚ್ಚು ಸರಿಯುತ್ತದೆ. ಸ್ಟಾಕ್‌ಗಳ ನಡುವಿನ ವ್ಯತ್ಯಾಸವೂ ಅಷ್ಟೇ ಇರುವುದರಿಂದ, ಗಾಳಿಯಲ್ಲಿ ಮಾಡಿದ ಹೋಲಿಕೆ ಗಾಳಿಯ ಹೋಲಿಕೆಯಷ್ಟೇ ಆಗುತ್ತದೆ.

ಐದು ಗುಂಡಿನ ಗ್ರೂಪ್ ನಂಬಬೇಡಿ. ಅದೇ ರೈಫಲ್, ಅದೇ ಕೈ, ಒಂದು ಸಲ 12 ಮಿ.ಮೀ., ಇನ್ನೊಂದು ಸಲ 25. ಇಲ್ಲಿರುವ ಅಂಕಿಗಳೆಲ್ಲ ಹತ್ತು ಗುಂಡಿನ ಗ್ರೂಪ್‌ಗಳ ಸರಾಸರಿ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದು 4.5 ಕಳೆದದ್ದು. ಸ್ಟಾಕ್ ಬದಲಿಸಿದಾಗಲೆಲ್ಲ ಮೊದಲ ಇಪ್ಪತ್ತು ಗುಂಡು ಲೆಕ್ಕಕ್ಕಿಲ್ಲ, ಸ್ಕ್ರೂಗಳು ಕೂರಲು ಅಷ್ಟು ಬೇಕು. ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಕೂಡ ಇಟ್ಟುಕೊಳ್ಳಿ. ಸ್ಟಾಕ್ ಬದಲಾದರೂ ವೇಗ ಹೆಚ್ಚುಕಡಿಮೆ ಹಾಗೇ ಇರಬೇಕು. ಸೆಕೆಂಡಿಗೆ ಹತ್ತು ಮೀಟರ್ ಇಳಿದಿದ್ದರೆ ಸ್ಟಾಕ್ ಏನೋ ಉಜ್ಜುತ್ತಿದೆ, ಇಲ್ಲವೇ ಪಿಸ್ಟನ್‌ನ ಗಾಳಿ ತಡೆಯುವ ಸೀಲ್ ಹೋಗಿದೆ. ಆಗ ಗ್ರೂಪ್ ಅಳೆದು ಪ್ರಯೋಜನವಿಲ್ಲ.

ರೈಫಲ್ಲನ್ನು ಚೀಲದ ಮೇಲೆ ನೇರವಾಗಿ ಇಡಬಾರದು. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ, ಪಿಸ್ಟನ್ ಮುಂದೆ ಬಡಿದಾಗ ಮುಂದಕ್ಕೆ ಜಿಗಿಯುತ್ತದೆ, ಪೆಲೆಟ್ ಇನ್ನೂ ಬ್ಯಾರೆಲ್‌ನಲ್ಲಿರುವಾಗಲೇ ಈ ಕುಲುಕಾಟ ಶುರುವಾಗಿರುತ್ತದೆ. ಚೀಲದ ಮೇಲೆ ತೆರೆದ ಅಂಗೈ, ಅಂಗೈ ಮೇಲೆ ಮುಂಗಟ್ಟು (ಸ್ಟಾಕ್‌ನ ಮುಂಭಾಗ), ಬೆರಳು ಸುತ್ತಿ ಹಿಡಿಯುವುದಿಲ್ಲ. ಪ್ರತಿ ಗುಂಡಿಗೂ ಅಂಗೈ ಅದೇ ಜಾಗದಲ್ಲಿರಲು ಮರದ ಮೇಲೆ ಟೇಪಿನ ಗುರುತು ಹಾಕಿ. ಚೀಲಕ್ಕೆ ಮೆಕ್ಕೆಜೋಳ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಕಾಳು ದಪ್ಪ, ಉರುಳುತ್ತದೆ. ನವಣೆ ಅಥವಾ ರಾಗಿ ತುಂಬಿದ್ದು ಕೈಯ ಆಕಾರಕ್ಕೆ ಕೂರುತ್ತದೆ.

ಸ್ಕ್ರೂಗಳ ವಿಷಯ

ಬಿಚ್ಚುವ ಮೊದಲು ರೈಫಲ್ ಕಾಕ್ ಆಗಿಲ್ಲ, ಒಳಗೆ ಪೆಲೆಟ್ ಇಲ್ಲ ಎಂದು ಎರಡು ಸಲ ನೋಡಿ. ಮುಂಗಟ್ಟಿನ ಎರಡು ಪಕ್ಕದ ಸ್ಕ್ರೂ, ಟ್ರಿಗರ್ ಗಾರ್ಡ್‌ನ ಹಿಂದಿನ ಸ್ಕ್ರೂ ತೆಗೆದರೆ ಆಕ್ಷನ್ (ಬ್ಯಾರೆಲ್, ಸಿಲಿಂಡರ್, ಟ್ರಿಗರ್ ಸೇರಿದ ಲೋಹದ ಭಾಗ) ಮೇಲೆ ಬರುತ್ತದೆ. ಹೊಸ ಸ್ಟಾಕ್‌ಗೆ ಹಾಕುವಾಗ ಮುಂದಿನ ಎರಡನ್ನು ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯಿರಿ, ಹಿಂದಿನದು ಕೊನೆಗೆ. ಮರಕ್ಕೆ 2.5 ನ್ಯೂಟನ್ ಮೀಟರ್, ಪಾಲಿಮರ್‌ಗೆ 2 ಸಾಕು. ಹಿಂದಿನದನ್ನು ವಿಪರೀತ ಎಳೆದರೆ ಪಿಸ್ಟನ್ ಓಡುವ ಸಿಲಿಂಡರ್‌ನ ಬಾಲ ಕೆಳಕ್ಕೆ ಬಾಗುತ್ತದೆ, ಕೆಲವೊಮ್ಮೆ ಟ್ರಿಗರ್ ಭಾರವಾಗುತ್ತದೆ. ಈ ಟ್ರಿಗರ್‌ಗೆ ಏನಾಯಿತಪ್ಪಾ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಆ ಸ್ಕ್ರೂ ಕಾಲು ಸುತ್ತು ಸಡಿಲಿಸಿ ನೋಡಲಿ.

ಹೊರಗಿನ ಸ್ಟಾಕ್‌ಗಳಲ್ಲಿ ಹೆಚ್ಚು ಕಾಡುವುದು ಸ್ಕ್ರೂ ಉದ್ದ. ಲ್ಯಾಮಿನೇಟೆಡ್‌ನ ಮುಂಗಟ್ಟು ಬೀಚ್‌ಗಿಂತ ತೆಳು. ಹಳೆಯ ಸ್ಕ್ರೂ ಹಾಕಿದರೆ ಮೊನೆ ಒಳಗೆ ಚಾಚಿ, ಬ್ಯಾರೆಲ್ ಮಡಚಿದಾಗ ಪಿಸ್ಟನ್ ಹಿಂದಕ್ಕೆ ತಳ್ಳುವ ಕಾಕಿಂಗ್ ಲಿಂಕ್‌ಗೆ ತಾಗುತ್ತದೆ. ಕಾಕ್ ಮಾಡುವಾಗ ಕಿರ್ ಎಂದರೆ ಅಲ್ಲೇ ನಿಲ್ಲಿಸಿ, ಬ್ಯಾರೆಲ್ ಕೈಬಿಡದೆ ಹಿಂದಕ್ಕೆ ತನ್ನಿ. ಮೊನೆಯನ್ನು ಅರದಲ್ಲಿ ಒಂದೆರಡು ಮಿ.ಮೀ. ತೇಯ್ದರೆ ಮುಗಿಯಿತು. ಲಿಂಕ್ ಮರಕ್ಕೇ ಉಜ್ಜುತ್ತಿದ್ದರೆ ಎಣ್ಣೆಯಲ್ಲಿ ಕಲೆಸಿದ ಕಾಡಿಗೆಯನ್ನು ಲಿಂಕ್‌ಗೆ ಹಚ್ಚಿ ಒಮ್ಮೆ ಕಾಕ್ ಮಾಡಿ. ಕಪ್ಪು ಹತ್ತಿದ ಕಡೆ ಉಳಿಯಿಂದ ಕೆರೆಯಿರಿ. ಇಂಥ ರೈಫಲ್‌ನಲ್ಲಿ ಬ್ಯಾರೆಲ್ ಮುಂಗಟ್ಟಿಗೆ ತಾಗುವ ಪ್ರಶ್ನೆಯೇ ಇಲ್ಲ. ಬೋಲ್ಟ್ ರೈಫಲ್‌ನವರ ಫ್ರೀ-ಫ್ಲೋಟ್ (ಬ್ಯಾರೆಲ್ ಸ್ಟಾಕ್‌ಗೆ ತಾಗದಂತೆ ಬಿಡುವ) ಮಾತು ಇಲ್ಲಿಗೆ ಎಳೆಯಬೇಕಿಲ್ಲ.

ಅಲುಗಾಟಕ್ಕೆ ಸ್ಕ್ರೂ ಸಡಿಲವಾಗುವುದು ಖಂಡಿತ. ಎಳೆಗಳನ್ನು ಅಸಿಟೋನ್‌ನಲ್ಲಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ, ಒಂದು ದಿನ ಬಿಡಿ. ಕೆಂಪು ಬೇಡ, ಅದನ್ನು ಬಿಡಿಸಲು ಬಿಸಿ ಕೊಡಬೇಕು, ಮರ ಸುಡುತ್ತದೆ. ಸ್ಕ್ರೂ ತಲೆಯಿಂದ ವಾಷರ್‌ವರೆಗೆ ಉಗುರುಬಣ್ಣದ ಗೆರೆ ಎಳೆದರೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ. ಬೀಚ್‌ನಲ್ಲಿ ಗೆರೆ ಸರಿಯದಿದ್ದರೂ ಬಿಗಿ ಕಡಿಮೆಯಾಗುತ್ತಿತ್ತು, ಏಕೆಂದರೆ ವಾಷರ್ ಮರದೊಳಗೆ ಹೂತುಹೋಗುತ್ತಿತ್ತು. ಅದಕ್ಕೆ ಮದ್ದು ದೊಡ್ಡ ಕಪ್ ವಾಷರ್, ಅದರಡಿ ತೆಳುವಾಗಿ ಅರಾಲ್ಡೈಟ್.

ಯಾವುದು ಹೇಗೆ

ಬೀಚ್ ಸ್ಟಾಕ್ ಸ್ಕ್ರೂ ಸರಿಪಡಿಸುವ ಮೊದಲು 31 ಮಿ.ಮೀ., ಆಮೇಲೆ 24. ಈ ಏಳು ಮಿ.ಮೀ. ಪುಕ್ಕಟೆ ಸಿಕ್ಕದ್ದು. ಹೊಸ ಸ್ಟಾಕ್‌ಗೆ ದುಡ್ಡು ಹಾಕುವ ಮುನ್ನ ಎಲ್ಲರೂ ಇಷ್ಟನ್ನು ಮಾಡಿ ನೋಡಬೇಕು. ಇದರ ನಿಜವಾದ ಕೊರತೆ ಕೆನ್ನೆಯದು. ತೆರೆದ ಸೈಟ್‌ಗೆಂದು ಕಡೆದ ಸ್ಟಾಕ್ ಆದ್ದರಿಂದ ಸ್ಕೋಪ್ ಏರಿಸಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಗದ್ದ ಮಾತ್ರ ತಾಗುತ್ತದೆ.

ಪಾಲಿಮರ್ ಹಗುರ, ಮಳೆಗೆ ಹೆದರುವುದಿಲ್ಲ, ಎಡ ಬಲ ಎರಡಕ್ಕೂ ಆಗುತ್ತದೆ. ಗ್ರೂಪ್ 33. ಮುಂಗಟ್ಟು ಬೆರಳೊತ್ತಿಗೆ ಬಾಗುತ್ತದೆ, ಹಗುರವಾದಷ್ಟೂ ಜಿಗಿತ ಹೆಚ್ಚು, ಒಳಗೆ ಟೊಳ್ಳು, ಹೊಡೆದಾಗ ಡಬ್ಬಿ ಬಡಿದಂತೆ ಸದ್ದು. ಹಿಂಭಾಗಕ್ಕೆ ಫೋಮ್ ತುಂಬಿದರೆ ಸದ್ದು ಹೋಗುತ್ತದೆ, ಗ್ರೂಪ್ ಬದಲಾಗುವುದಿಲ್ಲ.

ಲ್ಯಾಮಿನೇಟೆಡ್ 18 ಮಿ.ಮೀ. ಗೆದ್ದದ್ದು ಇದೇ. ಭಾರ ಒಂದು ಕಾರಣ, ದೊಡ್ಡ ಕಾರಣ ಕೆನ್ನೆಪಟ್ಟಿ. ಪರೀಕ್ಷಿಸುವುದು ಸುಲಭ: ರೈಫಲ್ಲನ್ನು ಚೀಲದ ಮೇಲೆ ಅಲುಗದಂತೆ ಇಟ್ಟು, ಸ್ಕೋಪ್‌ನ ಹಿಂದೆ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ಜಾರಿದರೆ ಅದು ಪ್ಯಾರಲಾಕ್ಸ್. ದೂರಕ್ಕೆ ಹೊಂದಿಸಿ ಬಿಟ್ಟಿರುವ ಅಗ್ಗದ ಸ್ಕೋಪ್‌ಗಳಲ್ಲಿ 25 ಮೀಟರ್‌ಗೆ ಈ ಜಾರುವಿಕೆ ಚೆನ್ನಾಗಿ ಕಾಣುತ್ತದೆ. ಕೆನ್ನೆ ಪ್ರತಿ ಸಲ ಅದೇ ಜಾಗದಲ್ಲಿ ಕೂತರೆ ಕಣ್ಣೂ ಅಲ್ಲೇ ಇರುತ್ತದೆ, ದೋಷ ಇದ್ದೂ ಕಾಡುವುದಿಲ್ಲ. ಎತ್ತರ ಹೊಂದಿಸುವಾಗ ಕಣ್ಣು ಮುಚ್ಚಿ ಕೆನ್ನೆಯಿಟ್ಟು ಆಮೇಲೆ ತೆರೆಯಿರಿ. ಸ್ಕೋಪ್ ಚಿತ್ರ ಪೂರ್ತಿ ದುಂಡಗೆ, ಅಂಚಿನಲ್ಲಿ ಕಪ್ಪಿಲ್ಲದೆ ಕಂಡರೆ ಸರಿ. ಬೀಚ್‌ಗೆ ಫೋಮ್ ಪಟ್ಟಿ ಸುತ್ತಿ ಕೆನ್ನೆ ಎತ್ತರಿಸಿದಾಗ 24 ಇದ್ದದ್ದು 21ಕ್ಕೆ ಇಳಿಯಿತು. ಲ್ಯಾಮಿನೇಟೆಡ್‌ನ ಗುಟ್ಟು ಅರ್ಧ ಬಯಲಾದದ್ದು ಅಲ್ಲೇ.

ತೇಗದ್ದು ಹೆಚ್ಚು ಕೆಲಸ ಕೇಳುವಂಥದ್ದು, ಕೆಲಸ ಮಾಡುವುದೇ ಇಷ್ಟವಾದರೆ ಹೆಚ್ಚು ಖುಷಿ ಕೊಡುವಂಥದ್ದೂ ಅದೇ. ಹಲಗೆ 800 ಮಿ.ಮೀ. ಉದ್ದ, 200 ಅಗಲ, 55 ದಪ್ಪ. ಆರಿಸುವಾಗ ನೋಡಬೇಕಾದ್ದು ಒಂದೇ: ಹಿಡಿಯ ಕತ್ತಿನ ಹತ್ತಿರ ಎಳೆ ಉದ್ದಕ್ಕೆ ಓಡಬೇಕು. ಅಡ್ಡ ಹಾಯ್ದರೆ ಸೀಳುವುದು ಅಲ್ಲೇ. ಹಲಗೆಯನ್ನು ನೆರಳಲ್ಲಿಟ್ಟು ವಾರಕ್ಕೊಮ್ಮೆ ತೂಗಿ, ತೂಕ ನಿಂತ ಮೇಲೆ ಬಡಗಿಯ ಕೈಗೆ ಕೊಡಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ಬಡಗಿ ಗೊಣಗಿದರೆ ನ್ಯಾಯವೇ. ಮಾದರಿಗೆ ಬೀಚ್ ಸ್ಟಾಕನ್ನೇ ಕೊಟ್ಟು, ಕೆನ್ನೆಯ ಭಾಗ ಮಾತ್ರ 15 ಮಿ.ಮೀ. ಎತ್ತರ ಬಿಡಲು ಹೇಳಿ. ಇಳಿಸುವುದು ಸುಲಭ, ಏರಿಸಲಾಗದು.

ಕೆತ್ತಿ ಬಂದಾಗ ಗ್ರೂಪ್ 30. ಆಕ್ಷನ್ ಮರದಲ್ಲಿ ಎರಡು ಮೂರು ಚುಕ್ಕೆಗಳ ಮೇಲೆ ಮಾತ್ರ ಕೂತಿತ್ತು. ಅದಕ್ಕೆ ಬೆಡ್ಡಿಂಗ್ ಬೇಕು, ಅಂದರೆ ಆಕ್ಷನ್ ಪೂರ್ತಿ ತಾಗಿ ಕೂರುವಂತೆ ಅಂಟಿನ ಅಚ್ಚು ಹಾಕಬೇಕು. ತೇಗ ಎಣ್ಣೆಯ ಮರ, ಅಂಟು ಹಿಡಿಯುವುದಿಲ್ಲ. ಮೊದಲು ಒರಟು ಪಾಲಿಷ್ ಪೇಪರ್‌ನಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅರಾಲ್ಡೈಟ್ ಹಾಕಿ. ಐದು ನಿಮಿಷದ್ದು ಬೇಡ, ಒಂದು ದಿನ ಗಟ್ಟಿಯಾಗುವ ಸ್ಟ್ಯಾಂಡರ್ಡ್ ಆಗಬೇಕು. ಸಿಲಿಂಡರ್‌ಗೆ ಬೂಟ್ ಪಾಲಿಷ್ ಮೇಣ ಎರಡು ಸಲ ಹಚ್ಚಿ ಹೊಳಪು ಮಾಡಿ. ಒಂದು ಚೂರು ಜಾಗ ಬಿಟ್ಟರೂ ಆಕ್ಷನ್ ಮರಕ್ಕೆ ಅಂಟಿಯೇ ಹೋಗುತ್ತದೆ. ಟ್ರಿಗರ್ ಸುತ್ತಲಿನ ಸಂದು, ಸ್ಕ್ರೂ ತೂತುಗಳಿಗೆ ಮಕ್ಕಳ ಕ್ಲೇ ತುಂಬಿ. ಅಂಟು ಬೀಳಬೇಕಾದ್ದು ಮುಂದಿನ ಸ್ಕ್ರೂಗಳ ಹಿಂದೆ ಒಂದು ಅಂಗುಲ, ಸಿಲಿಂಡರ್ ಬಾಲದ ಹತ್ತಿರ ಒಂದು ಅಂಗುಲ, ಅಷ್ಟೇ. ಸ್ಕ್ರೂ ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿ ಇರಲಿ; ಪೂರ್ತಿ ಎಳೆದರೆ ಬಾಗಿದ ಆಕಾರವೇ ಅಚ್ಚಾಗಿ ಉಳಿಯುತ್ತದೆ. ಆಮೇಲೆ ಗ್ರೂಪ್ 20.

ಮೇಲೆ ಅಗಸೆ ಎಣ್ಣೆ ಸಾಕು, ಆದರೆ ಒಳಗಿನ ಕಡಿತಗಳಿಗೂ ಹಚ್ಚಬೇಕು. ಒಣ ಬೇಸಿಗೆ ಕಳೆದು ಮಳೆ ಹಿಡಿದಾಗ ಎಣ್ಣೆ ಕಾಣದ ಮರ ತೇವ ಎಳೆದುಕೊಳ್ಳುತ್ತದೆ, ಪೆಲೆಟ್ ಬೀಳುವ ಜಾಗ ಸರಿಯುತ್ತದೆ. ಜೂನ್‌ನಲ್ಲಿ ಒಮ್ಮೆ ಸ್ಕ್ರೂಗಳ ಬಿಗಿ ನೋಡಿ, ಪೆಲೆಟ್ ಗುರಿಯಲ್ಲೇ ಬೀಳುವಂತೆ ಸ್ಕೋಪ್ ಮತ್ತೆ ಹೊಂದಿಸಿ. ಲ್ಯಾಮಿನೇಟೆಡ್‌ನಲ್ಲಿ ಈ ಕಾಟ ಕಡಿಮೆ, ಪಾಲಿಮರ್‌ನಲ್ಲಿ ಇಲ್ಲವೇ ಇಲ್ಲ.

ಸ್ಕೋಪ್ ಹಾಕಿ ಕೂತು ಹೊಡೆಯುವವರು ದುಡ್ಡಿದ್ದರೆ ಲ್ಯಾಮಿನೇಟೆಡ್ ತರಲಿ. ದುಡ್ಡಿಲ್ಲದವರಿಗೆ ಬೀಚ್, ದೊಡ್ಡ ವಾಷರ್, ಫೋಮ್ ಪಟ್ಟಿ. ಎಡಗೈಯವರಿಗೆ ಲ್ಯಾಮಿನೇಟೆಡ್‌ನಲ್ಲಿ ಎಡ ಮಾದರಿ ಸಿಗುವುದು ಕಷ್ಟ, ಬಲ ಮಾದರಿಯ ಕೆನ್ನೆಪಟ್ಟಿ ಅವರಿಗೆ ಪ್ರಯೋಜನಕ್ಕೆ ಬಾರದು. ಪಾಲಿಮರ್ ಎಡಕ್ಕೂ ಆಗುತ್ತದೆ, ಆದರೆ ಗ್ರೂಪ್ ದೊಡ್ಡದು. ಹಾಗಾಗಿ ಅವರಿಗೆ ತೇಗವೇ ದಾರಿ. ಸ್ಟಾಕ್‌ನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಮಗುಚಿ ಕೊಟ್ಟರೆ ಬಡಗಿ ಅದೇ ಕೂಲಿಗೆ ಎಡಗೈ ಸ್ಟಾಕ್ ಕೆತ್ತಿಕೊಡುತ್ತಾನೆ.