ಮಕ್ಕಳಿರುವ ಮನೆಗೆ ಆಯಿಲ್ ಹೀಟರ್: ಕೆಲವು ಚಳಿಗಾಲ ಬಳಸಿದ ಮೇಲೆ

ಒಂದು ಕೂಸು, ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಅದರ ಅಕ್ಕ, ಎಲ್ಲರಿಗೂ ಸೇರಿ ಒಂದೇ ಮಲಗುವ ಕೋಣೆ. ಇಂಥ ಮನೆಯಲ್ಲಿ ಹನ್ನೊಂದು ಫಿನ್‌ಗಳ (ಸಾಲಾಗಿ ನಿಂತ ಲೋಹದ ಪದರಗಳ), 2500 ವಾಟ್‌ವರೆಗೆ ಹೋಗುವ ಆಯಿಲ್ ಹೀಟರ್ ಬಳಸುತ್ತ ಬಂದಿದ್ದೇವೆ. ಹೀಟರ್ ಚೆನ್ನಾಗಿದೆ. ಆದರೆ ಡಬ್ಬಿಯ ಮೇಲಿನ ‘ಮಕ್ಕಳಿಗೆ ಸುರಕ್ಷಿತ’ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಒಪ್ಪುವ ಅರ್ಧ ಇದು: ಬಿಸಿ ಮಾಡುವ ಕಾಯಿಲ್ ಎಣ್ಣೆಯೊಳಗೆ ಮುಳುಗಿರುತ್ತದೆ, ಕೆಂಪಗೆ ಕಾದ ಸರಳು ಹೊರಗೆ ಎಲ್ಲೂ ಇಲ್ಲ. ಜಾಲರಿಯೊಳಗೆ ಪೆನ್ಸಿಲ್ ತೂರಿಸುವ ವಯಸ್ಸಿನ ಮಕ್ಕಳಿದ್ದರೆ ಇದು ಸಣ್ಣ ವಿಷಯವಲ್ಲ. ಎಣ್ಣೆ ಉರಿಯುವುದಿಲ್ಲ, ಬರೀ ಬಿಸಿಯಾಗುತ್ತದೆ. ಹಾಗಾಗಿ ಇದ್ದಿಲು, ಸೀಮೆಎಣ್ಣೆ, ಗ್ಯಾಸ್ ಒಲೆಗಳಿಂದ ಬರಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಭಯ ಇಲ್ಲ. (ವರ್ಷಕ್ಕೊಮ್ಮೆ ಎಣ್ಣೆ ತುಂಬಿಸಬೇಕಾ ಅಂತ ನೆಂಟರು ಕೇಳುತ್ತಲೇ ಇರುತ್ತಾರೆ. ಬೇಡ, ಅದು ಸೀಲ್ ಆಗಿರುತ್ತದೆ. ಕೆಳಗೆ ಎಣ್ಣೆ ಜಿನುಗಿದ ಕಲೆ ಕಂಡರೆ ಮಾತ್ರ ಬಳಸುವುದನ್ನು ನಿಲ್ಲಿಸಿ.)

ಇನ್ನರ್ಧ ಒಪ್ಪದಿರುವುದಕ್ಕೆ ಕಾರಣ ಆ ಫಿನ್‌ಗಳೇ. ಅವು ಕೆಂಪಗಾಗುವುದಿಲ್ಲವಾದ್ದರಿಂದ ಕಾದಿವೆಯೋ ಇಲ್ಲವೋ ಎಂಬುದು ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡವರು ತಾಗಿದ ಕೂಡಲೇ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ; ಹಿಡಿದುಕೊಂಡು ನಿಲ್ಲಲು ಕಲಿಯುತ್ತಿರುವ ಮಗು ಅದನ್ನೇ ಆಸರೆ ಮಾಡಿಕೊಳ್ಳುತ್ತದೆ. ಮಕ್ಕಳ ಚರ್ಮ ತೆಳು, ಬೇಗ ಸುಡುತ್ತದೆ. ಸ್ವಿಚ್ ಆರಿಸಿದ ಮೇಲೂ ಬಿಸಿ ಬಹಳ ಹೊತ್ತು ಉಳಿಯುತ್ತದೆ, ‘ಆಫ್ ಮಾಡಿದ್ದೀನಲ್ಲ’ ಎಂಬ ಧೈರ್ಯ ಇಲ್ಲಿ ನಡೆಯದು. ನಾವು ಗೋಡೆಗೆ ಸ್ಕ್ರೂ ಹೊಡೆದು ಕೂರಿಸುವ ಕಬ್ಬಿಣದ ಬೇಲಿ ಹಾಕಿಸಿದೆವು. ಖರ್ಚು ಹೆಚ್ಚಾಯಿತು, ಕೋಣೆ ಇಕ್ಕಟ್ಟಾಯಿತು, ಆದರೂ ಬೇಲಿ ಇಲ್ಲದೆ ಈ ಹೀಟರನ್ನು ಯಾರಿಗೂ ಶಿಫಾರಸು ಮಾಡಲಾರೆ. ಹಾಸಿಗೆ, ಪರದೆ, ರಗ್ಗು ಎಲ್ಲ ಕನಿಷ್ಠ ಒಂದು ಮೀಟರ್ ದೂರ.

ಮಗುಚಿದರೆ ತಾನಾಗಿ ಆರುವ ಸ್ವಿಚ್ ಚೆನ್ನಾಗಿ ಕೆಲಸ ಮಾಡುತ್ತದೆ, ವಾಲಿಸಿ ನೋಡಿದ್ದೇನೆ. ಅತಿಯಾಗಿ ಕಾದರೆ ಕರೆಂಟ್ ಕಡಿತಗೊಳಿಸುವ ವ್ಯವಸ್ಥೆಯೂ ಇದೆ. ಆದರೆ ಎರಡೂ ಗಮನಿಸುವುದು ಹೀಟರಿನ ಸ್ಥಿತಿಯನ್ನು. ಪಕ್ಕದಲ್ಲಿ ಮಗು ಇದೆ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ಜೊತೆಗೆ ಕೊಟ್ಟ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಅಟ್ಟಕ್ಕೆ ಹಾಕಿದ್ದೇನೆ. ಸುರಕ್ಷತೆಯ ಪುಟದಲ್ಲಿ ‘ಮೇಲೆ ಏನೂ ಮುಚ್ಚಬೇಡಿ’ ಎಂದು ಬರೆದು ಆ ಸ್ಟ್ಯಾಂಡ್ ಯಾಕೆ ಕೊಡುತ್ತಾರೋ!

ಬೆಂಕಿಯ ಭಯ ನನಗಿರುವುದು ಪ್ಲಗ್ಗಿನ ಬಗ್ಗೆ. 230 ವೋಲ್ಟ್‌ನಲ್ಲಿ 2500 ವಾಟ್ ಎಂದರೆ ಸುಮಾರು 11 ಆಂಪಿಯರ್, ಅದೂ ಗಂಟೆಗಟ್ಟಲೆ. ಫೋನ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡ್ ಇದಕ್ಕೆ ಹೇಳಿದ್ದಲ್ಲ. ಗೋಡೆಯ ಪವರ್ ಸಾಕೆಟ್‌ಗೇ ಹಾಕಬೇಕು, ಅದೂ ಪ್ಲಗ್ ಬಿಗಿಯಾಗಿ ಕೂರುವಂತಿರಬೇಕು. ನಮ್ಮಲ್ಲಿ ಹಳೆಯ ಸಾಕೆಟ್ ಸಡಿಲವಾಗಿ ಕಂದುಬಣ್ಣಕ್ಕೆ ತಿರುಗಿತ್ತು, ಎಲೆಕ್ಟ್ರಿಷಿಯನ್ ಬಂದು ಬದಲಿಸಿದ. ಈಗ ಹಾಕಿದ ಅರ್ಧ ಗಂಟೆಗೆ ಪ್ಲಗ್ ಮುಟ್ಟಿ ನೋಡುವುದು ಅಭ್ಯಾಸವಾಗಿದೆ: ಉಗುರು ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಆಫ್. ವೈರನ್ನು ಕಾರ್ಪೆಟ್ ಕೆಳಗೆ ಬಿಡುವುದಿಲ್ಲ, ಸವೆದರೂ ಕಾಣುವುದಿಲ್ಲವಲ್ಲ.

ಉಳಿದಂತೆ, ನಿಧಾನ. ಕೋಣೆ ಬೆಚ್ಚಗಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಮಕ್ಕಳು ಮಲಗುವ ಮುಂಚೆಯೇ ಹಾಕಿ, ಅವರು ಮಲಗಿದ ಮೇಲೆ ಆರಿಸುತ್ತೇವೆ. ರಾತ್ರಿಯಿಡೀ ಓಡಿಸುವುದಿಲ್ಲ, ಕೂಸಿಗೆ ಅತಿಯಾದ ಸೆಕೆ ಅಪಾಯವೇ. ಕತ್ತಿನ ಹಿಂಭಾಗ ಬೆವರಿದ್ದರೆ ಹೊದಿಕೆ ಕಡಿಮೆ ಮಾಡುತ್ತೇವೆ. ಥರ್ಮೋಸ್ಟಾಟ್ ಗುಂಡಿಯಲ್ಲಿ ಡಿಗ್ರಿ ಇಲ್ಲ, ಬರೀ 1ರಿಂದ 6, ಅದಕ್ಕೆ ಗೋಡೆಗೊಂದು ಥರ್ಮಾಮೀಟರ್ ಬೇರೆ. ಕಾಯುವಾಗ, ಆರುವಾಗ ಲೋಹ ಟಿಕ್ ಟಿಕ್ ಅನ್ನುತ್ತದೆ, ಕೆಟ್ಟಿದೆ ಅಂತಲ್ಲ.

ಐದರಲ್ಲಿ ಮೂರೂವರೆ ನಕ್ಷತ್ರ. ಒಂದು ಮೀಟರ್ ಜಾಗವೂ ಬೇಲಿಯೂ ಸಾಧ್ಯವಿಲ್ಲದ ಕೋಣೆಗೆ ಇದು ಬೇಡ. ಮುಂದಿನ ಸಲ ನಾನೇ ಕೊಂಡರೂ ಫಿನ್‌ಗಳಿಗೆ ಹೊರಗವಚ ಇರುವ, ಗುಂಡಿಗಳಿಗೆ ಚೈಲ್ಡ್ ಲಾಕ್ ಇರುವ ಮಾದರಿಯನ್ನೇ ಹುಡುಕುತ್ತೇನೆ.